ಬಸುರಿಗೆ ಚಹಾ ಬೇಡ

ಎರಡು ವರ್ಷ ಊರೂರು ತಿರುಗಿ, ಹೆಂಗಸರ ಬೆರಳು ಚುಚ್ಚಿ ರಾಜೇಶ್ವರಿ ಕಂಡುಕೊಂಡ ಸಂಗತಿಯನ್ನು ಒಂದೇ ಮಾತಿನಲ್ಲಿ ಹೇಳಬಹುದಾಗಿತ್ತು. ತೊಂದರೆಯೆಂದರೆ ಆ ಮಾತು ಯಾರಿಗೂ ಬೇಕಾಗಿರಲಿಲ್ಲ. ಬಸುರಿಯರಿಗೆ ಕೊಡುವ ರಕ್ತದ ಕೆಂಪು ಗುಳಿಗೆಯನ್ನು ಯಾವ ಊರಿನಲ್ಲಿ ಆಶಾ ಕಾರ್ಯಕರ್ತೆ ದಿನಾಲೂ ಮನೆಗೆ ಹೋಗಿ ತನ್ನ ಕಣ್ಣೆದುರೇ ನುಂಗಿಸಿದ್ದಳೋ, ಆ ಊರಿನಲ್ಲಿಯೇ ರಕ್ತ ಎಲ್ಲಕ್ಕಿಂತ ಕಡಿಮೆ ಏರಿತ್ತು.

ಆ ಊರು ಗೊಳಸಂಗಿ. ಹೂವಿನ ಹಿಪ್ಪರಗಿಯಲ್ಲಿ ವಾರಕ್ಕೊಮ್ಮೆ ಹೋಗಿ ವಿಚಾರಿಸುತ್ತಿದ್ದರು, ಅಲ್ಲಿ ಪರವಾಗಿರಲಿಲ್ಲ. ಮಸೂತಿ ಎಂಬ ಊರಿನಲ್ಲಿ ಗುಳಿಗೆಗಳನ್ನು ಕೈಗೆ ಕೊಟ್ಟು, ‘ನೆನಪಿಟ್ಟು ನುಂಗ್ರಿ’ ಎಂದು ಹೇಳಿ ಬಂದಿದ್ದರು, ಅಷ್ಟೇ. ಮತ್ತೆ ಯಾರೂ ಆ ಕಡೆ ತಲೆ ಹಾಕಿರಲಿಲ್ಲ. ಮಸೂತಿಯ ಹೆಂಗಸರು ಎಲ್ಲರಿಗಿಂತ ಚೆನ್ನಾಗಿ ಸುಧಾರಿಸಿದ್ದರು.

ವಿಜಯಪುರದ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಪೋಷಣಶಾಸ್ತ್ರ ಕಲಿಸುತ್ತಿದ್ದ ರಾಜೇಶ್ವರಿ ಮೊದಲು ಲೆಕ್ಕ ತಪ್ಪಿದೆ ಎಂದುಕೊಂಡಳು. ಇನ್ನೊಮ್ಮೆ ಹಾಕಿದಳು. ತಪ್ಪಿರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಗೊಳಸಂಗಿಗೆ ಹೋಗಿ ಆಶಾ ಕಾರ್ಯಕರ್ತೆ ಫಿರದೋಸಳ ಹಿಂದೆ ಮನೆ ಮನೆ ಸುತ್ತಿದಳು. ಮೊದಲ ಮನೆಯಲ್ಲಿಯೇ ಉತ್ತರ ಸಿಕ್ಕಿತು, ಆದರೆ ಅದು ಅವಳಿಗೆ ಗೊತ್ತಾದದ್ದು ಐದನೆಯ ಮನೆಯಲ್ಲಿ. ಅಷ್ಟೊತ್ತಿಗೆ ಅವಳು ಐದು ಚಹಾ ಕುಡಿದಿದ್ದಳು.

ಐದನೆಯದು ಕಾಶಿಬಾಯಿಯ ಮನೆ. ಗಂಡ ಅಮಸಿದ್ದ ಕುರಿ ಹಿಂಡಿನ ಸಂಗಡ ಅಡವಿಯಲ್ಲಿರುತ್ತಿದ್ದ. ಮಗ ಕಾಂತು ಇಂಡಿಯ ಪೇಟೆಯಿಂದ ಲಿಂಬೆಹಣ್ಣು ತುಂಬಿಕೊಂಡು ಸಿಂದಗಿ, ಮುದ್ದೇಬಿಹಾಳಗಳಿಗೆ ಟಂಟಂ ಗಾಡಿ ಹೊಡೆಯುತ್ತಿದ್ದ. ಸೊಸೆ ಕಾವೇರಿ ಎರಡನೆಯ ಬಸುರಿ. ಫಿರದೋಸ ಹೊಸ್ತಿಲು ದಾಟಿದ ಕೂಡಲೇ ಒಳಗೆ ಒಲೆ ಹತ್ತಿತು. ಮನೆಗೆ ಬಂದವರಿಗೆ ಚಹಾ ಕೊಡದೆ ಕಳಿಸುವುದುಂಟೆ? ಬಂದವರು ಒಬ್ಬರೇ ಕುಡಿಯುವುದೂ ಉಂಟೆ? ಅತ್ತೆಗೊಂದು, ಸೊಸೆಗೊಂದು ಕಪ್ಪು ಬಂತು. ಕಾವೇರಿ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ಕುಳಿತು, ಗುಳಿಗೆಯನ್ನು ಬಾಯಿಗೆ ಹಾಕಿ, ಒಂದು ಗುಟುಕು ಚಹಾದ ಜೊತೆ ಇಳಿಸಿದಳು. ಫಿರದೋಸ ಕಣ್ಣಾರೆ ನೋಡಿ ಗುರುತು ಹಾಕಿದಳು.

“ನೀರಿಲ್ಲೇನ ಕಾವೇರಿ?” ಎಂದಳು ರಾಜೇಶ್ವರಿ.

“ಕೈಯಾಗ ಚಾ ಇರೂವಾಗ ಮತ್ತ ನೀರ ಯಾಕ್ರೀ ಬಾಯಾರ?”

ಚಹಾ ಕಬ್ಬಿಣಾಂಶವನ್ನು ಹಿಡಿದುಕೊಂಡು ಮೈಗೆ ಹತ್ತಗೊಡುವುದಿಲ್ಲ ಎಂದು ರಾಜೇಶ್ವರಿ ಪ್ರತಿ ವರ್ಷ ಜುಲೈ ತಿಂಗಳಿನಲ್ಲಿ ಪಾಠ ಮಾಡುತ್ತಿದ್ದಳು. ಆದರೆ ತನ್ನ ಕೈಯಲ್ಲಿಯೂ ಒಂದು ಕಪ್ಪು ಇದ್ದಾಗ ಅದು ನೆನಪಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಮಸೂತಿಗೆ ಯಾರೂ ಹೋಗಲಿಲ್ಲ, ಆದ್ದರಿಂದ ಯಾರೂ ಚಹಾ ಇಡಲಿಲ್ಲ. ಅಲ್ಲಿಯವರು ರಾತ್ರಿ ಉಂಡು, ನೆನಪಾದಾಗ, ನೀರು ಕುಡಿದು ನುಂಗಿದ್ದರು. ಗೊಳಸಂಗಿಯವರು ಕೆಟ್ಟದ್ದು ಕಾಳಜಿಯಿಂದ ಮತ್ತು ಮರ್ಯಾದೆಯಿಂದ.

ಇನ್ನು ಇದನ್ನು ಜನರಿಗೆ ಹೇಳಬೇಕಿತ್ತು.

ಮೊದಲು ಕಾಲೇಜಿನ ಡಾಕ್ಟರರ ಮುಂದೆ ಹೇಳಿದಳು. ಪರದೆಯ ಮೇಲೆ ಚಿತ್ರಗಳು ಬಂದವು. ಒಬ್ಬರು ಹೆಂಗಸರ ಸಂಖ್ಯೆ ಸಾಲದು ಎಂದರು. ಇನ್ನೊಬ್ಬರು ಚಹಾಪುಡಿ ಯಾವುದು ಎಂದು ಕೇಳಿ, ತಾವು ಹದಿನೈದು ವರ್ಷಗಳ ಹಿಂದೆ ಮಾಡಿದ ಬೇರೊಂದು ಸಂಶೋಧನೆಯನ್ನು ವಿವರಿಸಿದರು. ಆಮೇಲೆ ಎಲ್ಲರಿಗೂ ಚಹಾ ಬಂತು. ಚಹಾಪುಡಿಯ ಬಗ್ಗೆ ಕೇಳಿದವರು ಕಿಸೆಯಿಂದ ಒಂದು ಗುಳಿಗೆ ತೆಗೆದು ಅದರ ಜೊತೆಯೇ ನುಂಗಿದರು.

ಎರಡನೆಯ ಸಲ ಅಧಿಕಾರಿಗಳ ಸಭೆಯಲ್ಲಿ ಹೇಳಿದಳು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಾಲ್ಕೂ ಕಡೆಯವರು ಬಂದಿದ್ದರು.

“ಹಂಗಂದ್ರ ಮನಿ ಮನಿಗೆ ಹೋಗೂದು ತಪ್ಪ ಅಂತೀರಿ?” ಎಂದರು ಒಬ್ಬರು.

“ಹೋಗೂದು ತಪ್ಪಲ್ರಿ. ಹೋದಾಗ ಚಾದ ಜೋಡಿ ಗುಳಿಗಿ ನುಂಗಸೂದು ತಪ್ಪು.”

“ಅದನ್ನ ಬರಿಯಾಕ ಬರೂದಿಲ್ರಿ ಮೇಡಂ. ‘ಭೇಟಿಗಳನ್ನು ಇನ್ನಷ್ಟು ಬಲಪಡಿಸಲು ಅವಕಾಶವಿದೆ’ ಅಂತ ಬರೀರಿ.”

ಹಾಗೆಯೇ ಬರೆಯಲಾಯಿತು.

ಉಳಿದವರು ಊರ ಜನ. ಅದಕ್ಕೆ ವಿಭಾಗದ ಮುಖ್ಯಸ್ಥ ಡಾಕ್ಟರ್ ಮಡಿವಾಳಪ್ಪನವರು ಗೋಡೆಬರಹ ಎಂದು ತೀರ್ಮಾನಿಸಿದರು. ರಾಜೇಶ್ವರಿ ಎರಡು ದಿನ ಕುಳಿತು ಒಂದು ವಾಕ್ಯ ಮಾಡಿದಳು: ‘ರಕ್ತದ ಗುಳಿಗೆ ನುಂಗುವ ಒಂದು ತಾಸು ಮೊದಲು ಮತ್ತು ಎರಡು ತಾಸು ನಂತರ ಚಹಾ ಕುಡಿಯಬಾರದು, ಉಳಿದ ಹೊತ್ತಿನಲ್ಲಿ ಅಡ್ಡಿಯಿಲ್ಲ.’

ಮಡಿವಾಳಪ್ಪನವರು ಕನ್ನಡಕ ಏರಿಸಿ ಓದಿದರು. “ಇದು ವಾಕ್ಯ ಅಲ್ರೀ, ಹೊಲದ ಖರೇದಿ ಪತ್ರ. ಜನಾ ನಿಂತು ಓದತಾರೇನು? ಬೈಕ್ ಮ್ಯಾಲ ಹೋಗೂವಾಗ ಕಣ್ಣಿಗೆ ಬೀಳಬೇಕು. ಕಡಿಮಿ ಮಾಡ್ರಿ.”

ಅವಳು ಕಡಿಮೆ ಮಾಡಿದಳು. ಅವರು ಇನ್ನೂ ಕಡಿಮೆ ಮಾಡಿದರು. ಉಳಿದದ್ದನ್ನು ಗೋಡೆಯೇ ಕಡಿಮೆ ಮಾಡಿತು. ಗೊಳಸಂಗಿಯ ಹಾಲಿನ ಡೇರಿಯ ಪಕ್ಕದ ಗೋಡೆಯ ಮುಂದೆ ನಿಂತು ಪೇಂಟರ್ ರೇವಪ್ಪ ಫೋನು ಮಾಡಿದಾಗ ಅವಳು ಬಾಗೇವಾಡಿಯ ಬಸ್ಸಿನಲ್ಲಿ ನಿಂತಿದ್ದಳು. ಒಂದು ಕೈ ಸರಳಿಗೆ ಜೋತಿತ್ತು.

“ಮೇಡಂ, ಒಂದ ಕಡೆ ಸಿಮೆಂಟಿನವರು, ಒಂದ ಕಡೆ ಬೀಜದ ಕಂಪನಿಯವರು. ನಡುವ ಇಷ್ಟ ಜಾಗಾ ಐತ್ರಿ. ಎಲ್ಲಾ ಸಣ್ಣಗ ಬರೀಲೋ, ಎಂಟ ಅಕ್ಷರ ದಪ್ಪಗ ಬರೀಲೋ?”

“ಕಾಣಬೇಕು ನೋಡ ರೇವಪ್ಪ.”

“ದಪ್ಪಗ ಬರದ್ರ ಮುಂದಿನ ಊರಿಗೂ ಕಾಣತೈತ್ರಿ.”

“ಹಂಗಾರ ದಪ್ಪಗ ಬರಿ.”

ರೇವಪ್ಪ ಕೆಂಪು ಬಣ್ಣದಲ್ಲಿ ದಪ್ಪಗೆ ಬರೆದ: ‘ಬಸುರಿಗೆ ಚಹಾ ಬೇಡ.’

ಮರುವಾರ ಬಸ್ಸಿನ ಕಿಟಕಿಯಿಂದ ಅದು ಕಂಡಾಗ ರಾಜೇಶ್ವರಿಗೆ ಎದೆಯಲ್ಲಿ ಸಣ್ಣದೊಂದು ಚುಚ್ಚಿದಂತಾಯಿತು. ಅದರ ಹಿಂದೆಯೇ, ಅವಳಿಗೆ ನಾಚಿಕೆಯಾಗುವಂತೆ, ಸಂತೋಷವೂ ಆಯಿತು. ಮನೆಯಲ್ಲಾಗಲಿ ಕಾಲೇಜಿನಲ್ಲಾಗಲಿ ಅವಳ ಮಾತು ಕೊನೆ ಮುಟ್ಟಿದ್ದು ಕಡಿಮೆ. ನಡುವೆ ಯಾರಾದರೂ ಎದ್ದು ಹೋಗುತ್ತಿದ್ದರು, ಇಲ್ಲವೆ ಕುಕ್ಕರ್ ಕೂಗುತ್ತಿತ್ತು. ಈಗ ಅವಳ ಮಾತು ಆಳೆತ್ತರ ನಿಂತಿತ್ತು. ಅರ್ಧ ಮಾತಾದರೇನು, ಅರ್ಧವಾದರೂ ನಿಂತಿದೆಯಲ್ಲ ಎಂದುಕೊಂಡಳು.

ಮಾತು ಕೆಲಸ ಮಾಡಿತು. ತಿಂಗಳೊಪ್ಪತ್ತಿನಲ್ಲಿ ಫಿರದೋಸ ಫೋನು ಮಾಡಿದಳು.

“ಅಕ್ಕಾರ, ನಿಮ್ಮ ಗ್ವಾಡಿ ಭಾಳ ಜೋರ್ ಐತ್ರಿ. ಊರಾಗ ಒಬ್ಬ ಬಸರಿ ಚಾ ಕುಡ್ಯಾಂಗಿಲ್ಲ. ಅತ್ತೆದೇರೆಲ್ಲಾ ಬಂದ್ ಮಾಡಿ ಬಿಟ್ಟಾರ. ಡೇರಿಗೆ ಹಾಲ ಹೆಚ್ಚ ಬರಾಕತ್ತಾವ ಅಂತ ಸೆಕ್ರೇಟ್ರಿ ನಿಮಗ ಸನ್ಮಾನ ಮಾಡಬೇಕಂತಾನ.”

“ಒಳ್ಳೇದಾತಲ್ಲ ಫಿರದೋಸ.”

“ಎಲ್ಲಿ ಒಳ್ಳೇದು ತಗೋರಿ. ಸೊಸೆದೇರು ಗುಳಿಗಿ ಬಿಟ್ಟಾರ.”

“ಯಾಕ?”

“ಯಾಕಂದ್ರ? ಗುಳಿಗಿ ಸಂಬಂಧ ಅಲ್ಲೇನ್ರಿ ಚಾ ಹೋಗಿದ್ದು? ಸಿಟ್ಟ ಗುಳಿಗಿ ಮ್ಯಾಲ. ನನ್ನ ಮುಂದ ಬಾಯಾಗ ಹಾಕ್ಕೋತಾರ, ನಾ ಓಣಿ ತಿರುಗೂದ್ರಾಗ ಉಗಳತಾರ. ಕಾಶಿಬಾಯಿ ಮನಿ ಕೋಳಿ ನೋಡ್ರಿ, ಹೆಂಗ ಕೆಂಪಗಾಗ್ಯಾವ.”

ನಗಬೇಕೆಂದುಕೊಂಡ ರಾಜೇಶ್ವರಿಗೆ ನಗು ಬರಲಿಲ್ಲ. ಕಾಶಿಬಾಯಿಯ ಮನೆ ಎಂದರೆ ಕಾವೇರಿ. ಮೊದಲ ಹೆರಿಗೆಯಲ್ಲಿ ಕಾವೇರಿಗೆ ರಕ್ತ ನಿಂತಿರಲಿಲ್ಲ. ಬಾಗೇವಾಡಿಯಿಂದ ವಿಜಯಪುರಕ್ಕೆ ಆಂಬುಲೆನ್ಸಿನಲ್ಲಿ ಒಯ್ದು, ಯಾರೋ ಗುರುತಿಲ್ಲದವರ ರಕ್ತ ಏರಿಸಿ ಉಳಿಸಿಕೊಂಡಿದ್ದರು. ‘ಮುಂದಿನ ಸಲ ಇಷ್ಟ ಕಡಿಮಿ ರಕ್ತ ಇಟಗೊಂಡ ಬಂದ್ರ ನನ್ನ ಕೈಯಾಗ ಇಲ್ಲ’ ಎಂದು ಅಲ್ಲಿಯ ಡಾಕ್ಟರು ಹೇಳಿ ಕಳಿಸಿದ್ದರು. ಈಗ ಮುಂದಿನ ಸಲ ಬಂದಿತ್ತು. ದಿನ ತುಂಬಲು ಮೂರು ತಿಂಗಳಿತ್ತು. ಹನ್ನೊಂದಾದರೂ ಇರಬೇಕಾದ ರಕ್ತ ಕಾವೇರಿಯ ಮೈಯಲ್ಲಿ ಎಂಟರ ಹತ್ತಿರವಿತ್ತು.

ಮರುದಿನವೇ ಗೊಳಸಂಗಿಗೆ ಹೋದಳು. ಕಾಶಿಬಾಯಿ ಮನೆಯಲ್ಲಿರಲಿಲ್ಲ. ಕಾವೇರಿ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕೋಳಿಗಳು ಅವಳ ಕಾಲ ಸುತ್ತ ಏನನ್ನೋ ಕಾಯುತ್ತಿರುವಂತೆ ನಿಂತಿದ್ದವು.

“ಗುಳಿಗಿ ನುಂಗತೀಯೇನ ತಂಗಿ?”

“ನುಂಗತೇನ್ರಿ.”

“ಖರೇ ಹೇಳು.”

ಕಾವೇರಿ ಸೀರೆ ಹಿಂಡಿ ಹಗ್ಗಕ್ಕೆ ಹಾಕಿದಳು.

“ಮದಲಿನ ಹೆರಿಗಿ ನೆನಪೈತಲ್ಲ ನಿನಗ?”

“ನನಗ ನೆನಪಿಲ್ರಿ. ಎಚ್ಚರ ಇರಲಿಲ್ಲ. ಉಳದಾರಿಗೆ ನೆನಪೈತಿ.”

“ಮತ್ತ? ಒಂದ ಕಪ್ಪ ಚಾ ಸಂಬಂಧ ಜೀವದ ಜೋಡಿ ಹಟ ಮಾಡತಾರೇನು?”

ಕಾವೇರಿ ಅವಳನ್ನು ನೋಡಿದಳು. ಸಿಟ್ಟಿನ ನೋಟವಲ್ಲ, ಇಷ್ಟು ಓದಿದವರಿಗೆ ಇದನ್ನೂ ಬಿಡಿಸಿ ಹೇಳಬೇಕಲ್ಲ ಎನ್ನುವಂಥದು.

“ಚಾ ಏನ ದೊಡ್ಡದಲ್ರೀ ಬಾಯಾರ. ಮುಂಜಾನೆ ಎದ್ದಾಕಿ ನಿಂತೇ ಇರತೇನಿ. ರೊಟ್ಟಿ ಬಡಿಯೂವಾಗ ಕುಂತರ ಅದು ಕೆಲಸಾ, ಕುಂತಂಗಲ್ಲ. ನಾಕ ಗಂಟೆಕ್ಕ ಫಿರದೋಸಕ್ಕ ಬರತಿದ್ಲು. ಬಂದಾಕಿ ಒಬ್ಬಾಕೆ ಕುಡಿಯಾಕ ಬರೂದಿಲ್ಲಂತ ಅತ್ತಿ ನನಗೂ ಕುಂಡ್ರು ಅಂತಿದ್ಲು. ಚಾ ಆರೂತನಕ ಕುಂಡರತಿದ್ದೆ. ನಾ ಭಾಳ ಬಿಸಿ ಕುಡಿಯಾಕಿ ಅಲ್ಲಂತ ಹೇಳಿದ್ದೆ. ಈಗ ಅವರಿಬ್ಬರೂ ಕುಡೀತಾರ, ನಾ ನೀರಿನ ಚರಗಿ ಹಿಡಕೊಂಡ ನಿಂದರತೇನಿ. ಕುಂಡ್ರಾಕ ನೆವಾನ ಹೋತಲ್ರಿ.”

ರಾಜೇಶ್ವರಿಯ ಸಂಶೋಧನೆಯಲ್ಲಿ ಹೆಂಗಸರು ಏನು ಉಣ್ಣುತ್ತಾರೆ, ಎಷ್ಟು ಸಲ ಉಣ್ಣುತ್ತಾರೆ, ಕೈ ತೊಳೆಯುತ್ತಾರೋ ಇಲ್ಲವೋ ಎಂಬ ಪ್ರಶ್ನೆಗಳಿದ್ದವು. ಯಾವಾಗ ಕುಳಿತುಕೊಳ್ಳುತ್ತಾರೆ ಎಂಬ ಪ್ರಶ್ನೆ ಇರಲಿಲ್ಲ.

ಆ ಸಂಜೆ ಬಾಗೇವಾಡಿಯ ತನ್ನ ಮನೆಯಲ್ಲಿ ಎಲ್ಲರಿಗೂ ಚಹಾ ಕೊಟ್ಟು, ತನ್ನ ಕಪ್ಪನ್ನು ಎಂದಿನಂತೆ ಒಲೆಕಟ್ಟೆಯ ಪಕ್ಕ ಇಟ್ಟುಕೊಂಡಾಗ ಅವಳಿಗೆ ತಾನು ನಿಂತಿರುವುದು ಗೊತ್ತಾಯಿತು. ಕಾಲೇಜಿನಲ್ಲಿ ಕುರ್ಚಿ ಇತ್ತು, ಬಸ್ಸಿನಲ್ಲಿ ಸಿಕ್ಕರೆ ಸೀಟಿತ್ತು. ಈ ಮನೆಗೆ ಬಂದು ಇಪ್ಪತ್ಮೂರು ವರ್ಷವಾದರೂ ಇಲ್ಲಿ ಚಹಾವನ್ನು ನಿಂತೇ ಮುಗಿಸಿದ್ದಳು. ಯಾರೂ ಕೂರಬೇಡ ಎಂದಿರಲಿಲ್ಲ. ಅದೇ ವಿಚಿತ್ರ. ಯಾರಾದರೂ ಅಂದಿದ್ದರೆ ಜಗಳವಾಡಿ ಕುಳಿತಿರುತ್ತಿದ್ದಳು. ಕಪ್ಪು ಹಿಡಿದು ಪಡಸಾಲೆಗೆ ಬಂದು ಕುರ್ಚಿಯಲ್ಲಿ ಕುಳಿತಳು.

ಟೀವಿ ನೋಡುತ್ತಿದ್ದ ಅತ್ತೆ ಸುಮಿತ್ರಾಬಾಯಿ ತಿರುಗಿದರು. “ಯಾಕ ರಾಜೀ, ಮೈಯಾಗ ಹುಷಾರಿಲ್ಲೇನು?”

“ಹುಷಾರ ಇದ್ದೇನ್ರಿ ಅತ್ಯಾರ.”

“ಮತ್ತ ಕುಂತಿ?”

ಗಂಡ ಶ್ರೀಶೈಲ ಮೊಬೈಲಿನಿಂದ ತಲೆ ಎತ್ತಿದ. “ಬಿಪಿ ಏನರ ನೋಡಸೂಣೇನು?”

“ಏನೂ ಆಗಿಲ್ಲ. ಚಾ ಕುಡೀತೇನಿ.”

ಇಬ್ಬರೂ ಸ್ವಲ್ಪ ಹೊತ್ತು ಅವಳನ್ನೇ ನೋಡಿದರು. ಆ ನೋಟ ತಡೆಯಲಾರದೆ, ಕುಳಿತದ್ದಕ್ಕೆ ಒಂದು ಕಾರಣವಿರಲಿ ಎಂದು ಅವಳು ಗೊಳಸಂಗಿಯ ಕಥೆ ಹೇಳತೊಡಗಿದಳು. ಶ್ರೀಶೈಲ ಹೂಂ ಎನ್ನುತ್ತ ಮೊಬೈಲಿಗೆ ಮರಳಿದ. ಸುಮಿತ್ರಾಬಾಯಿಯ ಕಣ್ಣು ಟೀವಿಯಲ್ಲಿತ್ತು. ಅಲ್ಲಿಯ ಅತ್ತೆ ಅಲ್ಲಿಯ ಸೊಸೆಯನ್ನು ಮನೆಯಿಂದ ಹೊರಗೆ ಹಾಕುತ್ತಿದ್ದಳು. ಎರಡು ವರ್ಷಗಳಲ್ಲಿ ಈ ಸಂಶೋಧನೆಯ ಮಾತು ಈ ಮನೆಯಲ್ಲಿ ಹಲವು ಸಲ ಎದ್ದು ಹೀಗೆಯೇ ಮಲಗಿತ್ತು. ಇವತ್ತೂ ಮಲಗುವುದರಲ್ಲಿತ್ತು.

“…ಅಂತೂ ಚಾದ ಜೋಡಿ ನುಂಗಿದ್ರ ಗುಳಿಗಿ ಮೈಗೆ ಹತ್ತೂದಿಲ್ಲ,” ಎಂದಳು ರಾಜೇಶ್ವರಿ, ಯಾರಿಗೂ ಅಲ್ಲದಂತೆ.

ಸುಮಿತ್ರಾಬಾಯಿ ರಿಮೋಟು ಎತ್ತಿ ಟೀವಿಯ ಬಾಯಿ ಮುಚ್ಚಿಸಿದರು. “ನಂದು ಥೈರಾಯಿಡ್ ಗುಳಿಗಿಗೂ ಹಂಗ ಏನು?”

“ಹೌದ್ರಿ. ಅದನ್ನೂ ಚಾದ ಜೋಡಿ ತಗೋಬಾರದು.”

“ನಾ ಮುಂಜಾನೆ ಚಾದಾಗ ತಗೋತೇನಿ.”

“ನನಗ ಗೊತ್ತಿರಲಿಲ್ರಿ.”

“ಎರಡ ವರ್ಷದಿಂದ ಮನ್ಯಾಗ ಇದನ್ನ ಓದಾಕತ್ತಿ, ನನಗ ಹೇಳಾಕ ಏನಾಗಿತ್ತು?” ಸುಮಿತ್ರಾಬಾಯಿ ಕುರ್ಚಿ ಎಳೆದು ಎದುರಿಗೆ ಕುಳಿತರು. “ತಡೀ. ಮದಲಿನಿಂದ ಹೇಳು.”

ರಾಜೇಶ್ವರಿ ಮೊದಲಿನಿಂದ ಹೇಳಿದಳು. ಕೊನೆಯ ತನಕ ಹೇಳಿದಳು. ನಡುವೆ ಅತ್ತೆ ಕೇಳಿದ ಪ್ರಶ್ನೆಗಳು ಕಾಲೇಜಿನ ಡಾಕ್ಟರರು ಕೇಳಿದ್ದಕ್ಕಿಂತ ಹೆಚ್ಚಿದ್ದವು. ಆದರೆ ಎಲ್ಲವೂ ಅವರ ಥೈರಾಯಿಡಿನ ಕುರಿತೇ ಇದ್ದವು.

ಬೆಳಿಗ್ಗೆ ಮನೆ ಬಿಡುವಾಗ ಅವಳು ರಕ್ತ ನೋಡುವ ಪುಟ್ಟ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡಳು. ಕಾಲೇಜಿಗೆ ಹೋಗಲಿಲ್ಲ.

ಕಾಶಿಬಾಯಿ ಜಗಲಿಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. “ಬರ್ರೀ ಬಾಯಾರ. ಗ್ವಾಡಿ ನೋಡಕೋತ ಬಂದ್ರೇನು?”

“ನೋಡಿದ್ನಿ ಅವ್ವಾರ. ಅದರಾಗ ಅರ್ಧಾ ಮಾತ ಉಳದೈತಿ, ಅದನ್ನ ಹೇಳಾಕ ಬಂದೇನಿ.”

“ಉಳದದ್ದ ಉಳೀಲಿ ಬಿಡ್ರಿ. ಇದ್ದದ್ದ ಭಾಳ ಚಲೋ ಐತಿ. ನನಗ ಅಕ್ಷರ ಬರೂದಿಲ್ಲ, ಆದ್ರ ಡೇರಿ ಸೆಕ್ರೇಟ್ರಿ ಒಂದ ಸಲ ಓದಿ ಹೇಳಿದ್ದಕ್ಕ ತಿಳದ ಬಿಡ್ತು.”

“ಗುಳಿಗಿ ನುಂಗೂ ಹೊತ್ತಿಗಷ್ಟ ಚಾ ಬ್ಯಾಡ್ರಿ. ಬ್ಯಾರೆ ಹೊತ್ತಿನ್ಯಾಗ ಕಾವೇರಿ ಒಂದ ಕಪ್ಪ ಕುಡದ್ರ ಏನೂ ಆಗೂದಿಲ್ಲ.”

“ಕುಡೀಲಿಲ್ಲಂದ್ರ ಏನರ ಆಗತೈತೇನು?”

“ಇಲ್ರಿ.”

“ಮತ್ತ ಕುಡೀಬೇಕಂತ ಏನೈತಿ?”

ಇದಕ್ಕೆ ಪೋಷಣಶಾಸ್ತ್ರದಲ್ಲಿ ಉತ್ತರವಿರಲಿಲ್ಲ. ಕುಂಡ್ರಾಕ ನೆವ ಬೇಕು ಎನ್ನುವ ಮಾತನ್ನು ಕಾವೇರಿಯ ಪರವಾಗಿ ಹೇಳಿದರೆ ರಾತ್ರಿ ಅದರ ಬೆಲೆ ಕಾವೇರಿಯೇ ತೆರಬೇಕಾಗುತ್ತದೆ ಎಂದು ರಾಜೇಶ್ವರಿಗೆ ಗೊತ್ತಿತ್ತು.

“ಏ ಕಾವೇರಿ, ಬಾಯಾರಿಗೆ ಚಾ ಇಡ. ನನಗೂ ಒಂದ ಗುಟುಕ ಇರಲಿ,” ಎಂದು ಕಾಶಿಬಾಯಿ ಒಳಗೆ ಕೂಗಿದಳು.

ಚಹಾ ಬಂತು. ಕಾವೇರಿ ಎರಡು ಕಪ್ಪು ಇಟ್ಟು ಗೋಡೆಗೆ ಒರಗಿ ನಿಂತಳು. ರಾಜೇಶ್ವರಿ ಮೊದಲು ಅವಳ ಬೆರಳು ಚುಚ್ಚಿ ನೋಡಿದಳು: ಎಂಟು ಪಾಯಿಂಟ್ ಒಂದು. ಹಿಂದಿನ ಸಲಕ್ಕಿಂತ ಸ್ವಲ್ಪ ಇಳಿದಿತ್ತು. ಆಮೇಲೆ ಕಾಶಿಬಾಯಿಯ ಕಡೆ ಕೈ ಚಾಚಿದಳು.

“ಅವ್ವಾರ, ನಿಮ್ಮ ಬಟ್ಟೂ ಕೊಡ್ರಿ.”

“ನನಗ್ಯಾಕ? ನಾ ಏನ ಬಸರಿದ್ದೇನಿ?” ಕಾಶಿಬಾಯಿ ನಕ್ಕಳು. ನಕ್ಕರೂ ಬೆರಳು ಕೊಟ್ಟಳು. ತನಗೆ ಯಾರೂ ಹೀಗೆ ಯಂತ್ರ ಹಿಡಿದು ನೋಡಿರಲಿಲ್ಲ. “ನಂದೇನ ನೋಡತೀರಿ. ನಾ ಹದಿನಾಕು ಕುರಿ ಹಾಲ ಹಿಂಡಿದಾಕಿ. ಕಲ್ಲ ಇದ್ದಂಗ ಅದೇನಿ.”

ಯಂತ್ರ ಏಳು ಪಾಯಿಂಟ್ ಒಂಬತ್ತು ಎಂದು ತೋರಿಸಿತು. ರಾಜೇಶ್ವರಿ ಹೇಳಿದಳು.

“ಅಕಿದೆಷ್ಟ ಬಂತು?”

“ಎಂಟು ಪಾಯಿಂಟ್ ಒಂದು.”

“ಅಕಿದು ಹೆಚ್ಚೇನು?”

“ಸ್ವಲ್ಪ ಹೆಚ್ರಿ.”

“ಅಕಿದು ಹೆಂಗ ಹೆಚ್ಚಾತು? ಈ ಮನಿಗೆ ನಿನ್ನೆ ಮೊನ್ನೆ ಬಂದಾಕಿ,” ಎಂದಳು ಕಾಶಿಬಾಯಿ. “ಮಿಷನ್ ಕೆಟ್ಟಿರಬೇಕು. ಈ ಕೈ ನೋಡ್ರಿ.”

ಇನ್ನೊಂದು ಕೈಯಲ್ಲೂ ಅಷ್ಟೇ ಇತ್ತು. ಗೋಡೆಗೆ ಒರಗಿದ್ದ ಕಾವೇರಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಬಾಯಲ್ಲಿ ಒರೆಸುವಂಥದು ಏನೂ ಇರಲಿಲ್ಲ.

“ಮೆಟ್ಟಲ ಹತ್ತೂವಾಗ ದಮ್ಮ ಹತ್ತತೈತೇನ್ರಿ ಅವ್ವಾರ? ಕಣ್ಣಿಗೆ ಕತ್ತಲಿ ಬರತೈತೇನು?”

ಕಾಶಿಬಾಯಿ ಮೊರವನ್ನು ಬದಿಗಿಟ್ಟಳು. “ವಯಸ್ಸಾತಲ್ರಿ. ಅದಕ್ಕ ಅಂತ ಮಾಡಿದ್ದೆ.”

“ಈ ವಯಸ್ಸಿನ್ಯಾಗ ರಕ್ತ ಇಷ್ಟ ಯಾಕ ಕಡಿಮಿ ಆತು ಅಂತ ಡಾಕ್ಟರ ನೋಡಬೇಕ್ರಿ. ನಾಳೆ ಬಾಗೇವಾಡಿಗೆ ಬರ್ರಿ, ನಾ ಕರಕೊಂಡ ಹೋಗತೇನಿ. ಗುಳಿಗಿ ಅಂತೂ ನಿಮಗೂ ಬರಿತಾರ. ಬರದ ಮ್ಯಾಲ ಮತ್ತ…” ರಾಜೇಶ್ವರಿ ಮುಂದೆ ಹೇಳದೆ ಕಾಶಿಬಾಯಿಯ ಕಪ್ಪನ್ನು ನೋಡಿದಳು.

ಕಾಶಿಬಾಯಿಯೂ ನೋಡಿದಳು. “ನಂದೂ ಚಾ ಬಂದ್ ಏನು?”

“ಗ್ವಾಡಿ ಮ್ಯಾಲ ಹಂಗ ಐತಲ್ರಿ.”

“ಅದರಾಗ ಬಸರಿಗೆ ಅಂತ ಐತಿ.”

“ಗುಳಿಗಿಗೆ ಬಸರಿ ಯಾರು, ಅತ್ತಿ ಯಾರು ಗೊತ್ತಾಗೂದಿಲ್ರಿ ಅವ್ವಾರ.”

ಓಣಿಯಲ್ಲಿ ಯಾರದೋ ಬೈಕು ಹೋಯಿತು. ಕಪ್ಪಿನ ಮೇಲೆ ಕೆನೆ ಕಟ್ಟತೊಡಗಿತು. ಕಾಶಿಬಾಯಿ ಅದನ್ನು ಒಂದು ಬೆರಳಿನಿಂದ ಬದಿಗೆ ಸರಿಸಿದಳು, ಕುಡಿಯಲಿಲ್ಲ. ಈಗ ತಾನೇ ನೆನಪಾದವಳಂತೆ ಕೇಳಿದಳು: “ಆಗಳೆ ಏನೋ ಹೇಳಾಕತ್ತಿದ್ರೆಲ್ಲ ಬಾಯಾರ. ಅರ್ಧಾ ಮಾತ ಉಳದೈತಿ ಅಂತ. ಏನದು?”

ರಾಜೇಶ್ವರಿ ಇಡೀ ವಾಕ್ಯ ಹೇಳಿದಳು. ಒಂದು ತಾಸು ಮೊದಲು, ಎರಡು ತಾಸು ಆಮೇಲೆ. ಉಳಿದ ಹೊತ್ತಿಗೆ ಅಡ್ಡಿಯಿಲ್ಲ. ಗುಳಿಗೆಯನ್ನು ರಾತ್ರಿ ಊಟವಾದ ಮೇಲೆ ಲಿಂಬೆಹಣ್ಣು ಹಿಂಡಿದ ನೀರಿನಲ್ಲಿ ನುಂಗಿದರೆ ಇನ್ನೂ ಚೆನ್ನಾಗಿ ಮೈಗೆ ಹತ್ತುತ್ತದೆ. ಮಡಿವಾಳಪ್ಪನವರು ಖರೇದಿ ಪತ್ರ ಎಂದಿದ್ದ ಆ ವಾಕ್ಯವನ್ನು ಕಾಶಿಬಾಯಿ ಕುರಿಯ ವ್ಯಾಪಾರ ಮಾಡುವಷ್ಟು ಎಚ್ಚರದಿಂದ ಕೇಳಿದಳು. ತಾಸುಗಳನ್ನು ಎರಡು ಸಲ ಹೇಳಿಸಿದಳು.

“ಹಂಗಂದ್ರ ನಾಕ ಗಂಟೇದ ಚಾಕ್ಕ ಏನೂ ಅಡ್ಡಿಲ್ಲ?”

“ಏನೂ ಇಲ್ರಿ.”

“ಅಕಿಗೂ?”

“ಅಕಿಗೂ ಇಲ್ರಿ.”

“ಇದನ್ನ ಮದಲ ಹೇಳಾಕ ಏನಾಗಿತ್ರಿ ನಿಮಗ?” ಕಾಶಿಬಾಯಿಗೆ ಈಗ ನಿಜವಾಗಿಯೇ ಸಿಟ್ಟು ಬಂದಿತ್ತು. “ಊರ ತುಂಬ ಬಸರೀರ ಚಾ ಸುಮ್ಮನ ಬಂದ ಮಾಡಿಸಿದ್ರೆಲ್ಲ! ಕಲತಾರು ಹಿಂಗ ಮಾಡಬಾರದ ನೋಡ್ರಿ.”

ರಾಜೇಶ್ವರಿ ತಪ್ಪಾಯಿತೆಂದಳು. ಬೇರೆ ಏನು ಹೇಳುವುದೂ ಉದ್ದವಾಗುತ್ತಿತ್ತು.

ಒಂದು ತೊಡಕು ಉಳಿದಿತ್ತು. ರಾತ್ರಿ ಗುಳಿಗೆ ನುಂಗಿದರೆ ಕಣ್ಣಾರೆ ನೋಡುವವರು ಯಾರು ಎಂದು ಫಿರದೋಸ ಕೇಳಿದಳು. ಅತ್ತೆ ಸೊಸೆಯನ್ನು ನೋಡಲಿ, ಸೊಸೆ ಅತ್ತೆಯನ್ನು ನೋಡಲಿ ಎಂದು ರಾಜೇಶ್ವರಿ ಗೊತ್ತು ಮಾಡಿದಳು. ಕಾಶಿಬಾಯಿಯ ರಕ್ತವನ್ನು ಕರುಳಿನ ಹುಳ ತಿನ್ನುತ್ತಿದೆ ಎಂದು ಡಾಕ್ಟರು ಹೇಳಿ, ಹುಳದ ಔಷಧಿಯ ಜೊತೆ ಅವಳಿಗೂ ಕೆಂಪು ಗುಳಿಗೆ ಬರೆದಿದ್ದರು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಪೂರ್ತಿ ನಂಬಿಕೆ ಇರಲಿಲ್ಲ. ಆದ್ದರಿಂದ ಕೆಲಸ ಬಹಳ ಅಚ್ಚುಕಟ್ಟಾಗಿ ನಡೆಯಿತು. ಕಾಂತು ತಂದ ಲಿಂಬೆಹಣ್ಣು ಮನೆಯಲ್ಲಿಯೇ ಉಳಿಯತೊಡಗಿತು. ‘ಬಾಯಿ ತೆರಿ’ ಎಂದು ಅತ್ತೆ ಸೊಸೆಗೆ ಬ್ಯಾಟ್ರಿ ಹಿಡಿಯುತ್ತಾಳಂತೆ, ‘ನೀವೂ ತೆರೀರಿ ಅತ್ತಿ’ ಎಂದು ಸೊಸೆ ಹೇಳುತ್ತಾಳಂತೆ ಎಂದು ಫಿರದೋಸ ಊರೆಲ್ಲ ಹೇಳಿಕೊಂಡು ಬಂದಳು. ಉಳಿದ ಅತ್ತೆಯರೂ ಒಬ್ಬೊಬ್ಬರಾಗಿ ‘ನಂದೂ ಒಂದೀಟ ಚುಚ್ಚಿ ನೋಡ್ರಿ’ ಎಂದು ಬೆರಳು ಚಾಚಿದರು. ಯಾರದು ಸೊಸೆಗಿಂತ ಹೆಚ್ಚಿದೆ ಎನ್ನುವುದು ಕೆಲವು ದಿನ ಊರಿನ ಮುಖ್ಯ ವಿಷಯವಾಗಿತ್ತು.

ಗೋಡೆ ಮಾತ್ರ ಹಾಗೆಯೇ ಇತ್ತು. ಬಣ್ಣದ ಹಣ ಈ ವರ್ಷಕ್ಕೆ ಮುಗಿದಿದೆ, ಮುಂದಿನ ವರ್ಷ ನೋಡೋಣ ಎಂದು ಮಡಿವಾಳಪ್ಪನವರು ಹೇಳಿದರು.

ಕಾವೇರಿ ಬಾಗೇವಾಡಿಯಲ್ಲಿಯೇ ಹೆತ್ತಳು. ಹೋಗುವ ಮುಂಚೆ ರಕ್ತ ಹತ್ತೂವರೆಗೆ ಬಂದಿತ್ತು. ಆಂಬುಲೆನ್ಸು ಬೇಕಾಗಲಿಲ್ಲ. ಹೆಣ್ಣು ಮಗು. ರಕ್ತ ಹೋಗಬೇಕಾದಷ್ಟು ಹೋಗಿ ನಿಂತಿತು ಎಂದು ಫಿರದೋಸ ಫೋನಿನಲ್ಲಿ ಹೇಳಿದಾಗ ರಾಜೇಶ್ವರಿ ಪಾಠ ಮಾಡುತ್ತಿದ್ದಳು. ಹುಡುಗಿಯರಿಗೆ ಎರಡು ನಿಮಿಷ ಪುಸ್ತಕ ಓದಲು ಹೇಳಿ, ಕಿಟಕಿಯ ಹತ್ತಿರ ಹೋಗಿ ನಿಂತಳು.

ಬಾಣಂತಿಯನ್ನು ನೋಡಲು ಗೊಳಸಂಗಿಗೆ ಹೊರಟ ದಿನ ಮಡಿವಾಳಪ್ಪನವರು, ವರದಿಗೆ ಗೋಡೆಬರಹದ ಒಂದು ಫೋಟೋ ಬೇಕು, ಹಾಗೇ ತೆಗೆದುಕೊಂಡು ಬನ್ನಿ ಎಂದರು. ಡೇರಿಯ ಹತ್ತಿರ ಇಳಿದು ನೋಡಿದರೆ ಗೋಡೆಯ ತುಂಬ ಕುಳ್ಳು. ಹಸಿ ಸೆಗಣಿಯಲ್ಲಿ ಬೆರಳು ಮೂಡಿದ್ದ ದುಂಡನೆಯ ಕುಳ್ಳುಗಳನ್ನು ಸಾಲಾಗಿ ತಟ್ಟಿದ್ದರು. ಬಸುರಿ ಮುಚ್ಚಿದ್ದಳು, ಚಹಾ ಮುಚ್ಚಿತ್ತು. ಕೊನೆಯಲ್ಲಿ ‘ಬೇಡ’ ಎಂಬುದೊಂದು ದಪ್ಪಗೆ, ಕೆಂಪಗೆ ಕಾಣುತ್ತಿತ್ತು.

“ಬಿಸಲ ಚಲೋ ಬೀಳತೈತ್ರಿ ಈ ಗ್ವಾಡಿಗೆ,” ಎಂದಳು ಹಾಲು ಹಾಕಲು ಬಂದಿದ್ದ ಒಬ್ಬ ಸೊಸೆ, ಬೇರೆ ಕಡೆ ನೋಡುತ್ತ.

ರಾಜೇಶ್ವರಿ ಫೋಟೋ ತೆಗೆದು ಮಡಿವಾಳಪ್ಪನವರಿಗೆ ಕಳಿಸಿದಳು. ‘ಜನರ ಪಾಲ್ಗೊಳ್ಳುವಿಕೆ ಚೆನ್ನಾಗಿ ಕಾಣುತ್ತಿದೆ’ ಎಂದು ಉತ್ತರ ಬಂತು.

ನಾಲ್ಕು ಗಂಟೆಗೆ ಕಾಶಿಬಾಯಿಯ ಮನೆಗೆ ಹೋದಳು. ಕಾವೇರಿ ಗೋಡೆಗೆ ದಿಂಬಿಟ್ಟುಕೊಂಡು ಕುಳಿತಿದ್ದಳು. ಮಗು ಮಡಿಲಲ್ಲಿ ಮಲಗಿತ್ತು. ಕಾಶಿಬಾಯಿ ತಾನೇ ಚಹಾ ತಂದು ಮೂರು ಕಪ್ಪು ಇಟ್ಟಳು. ರಾಜೇಶ್ವರಿ ಬಸ್ಸಿನ ಹೊತ್ತಾಯಿತೆಂದು, ರೂಢಿಯಂತೆ, ನಿಂತೇ ಕಪ್ಪಿಗೆ ಕೈ ಹಾಕಿದಳು.

“ಕುಂಡರ್ರೀ ಬಾಯಾರ. ನಿಂತ ಕುಡೀತೀರಲ್ಲ, ನಿಮಗ ಗೊತ್ತಿಲ್ಲೇನು?” ಎಂದಳು ಕಾಶಿಬಾಯಿ.

“ಏನ್ರಿ ಅವ್ವಾರ?”

“ಹೆಣಮಕ್ಕಳು ನಿಂತ ಚಾ ಕುಡದ್ರ ರಕ್ತ ಇಳೀತೈತಂತ. ಕುಂತ, ಆರಿಸಿ ಆರಿಸಿ, ನಿದಾನಕ ಕುಡೀಬೇಕಂತ. ನೀವ ಹೇಳೀರಂತ ಕಾವೇರಿ ಹೇಳಿದ್ಲು.”

ರಾಜೇಶ್ವರಿ ಕಾವೇರಿಯ ಕಡೆ ನೋಡಿದಳು. ಕಾವೇರಿ ಮಗುವಿನ ಕುಲಾಯಿಯ ದಾರವನ್ನು ಬಹಳ ಗಮನವಿಟ್ಟು ಕಟ್ಟುತ್ತಿದ್ದಳು.

ಅಂಥದೊಂದು ಸಂಗತಿ ಯಾವ ಸಂಶೋಧನೆಯಲ್ಲೂ ಬಂದಿರಲಿಲ್ಲ. ತಿದ್ದಬೇಕಾದ ಮಾತು.

“ಹೌದ್ರಿ,” ಎಂದು ರಾಜೇಶ್ವರಿ ಕುಳಿತಳು.